‘ಉರ್’ ನಮ್ಮ ‘ಊರು’ ಅಲ್ಲ: ಒಂದು ಇಟ್ಟಿಗೆಯ ಪಾಠ

ದಕ್ಷಿಣ ಇರಾಕಿನ ಉರ್ ಪಟ್ಟಣದಲ್ಲಿ ಸಿಕ್ಕ ಇಟ್ಟಿಗೆಗಳ ಮೇಲೆ ಕ್ರಿ.ಪೂ. 2100ರ ಸುಮಾರಿನ ಒಂದು ಪುಟ್ಟ ಸುಮೇರಿಯನ್ ಶಾಸನವಿದೆ. ತಾತ್ಪರ್ಯ ಇಷ್ಟೇ: ತನ್ನ ಒಡೆಯನಾದ ಚಂದ್ರದೇವನಿಗೆ ಉರ್ ಅರಸ ಉರ್-ನಮ್ಮು ಗುಡಿ ಕಟ್ಟಿಸಿದ, ಪಟ್ಟಣದ ಕೋಟೆಗೋಡೆಯನ್ನೂ ಕಟ್ಟಿಸಿದ. ನಮ್ಮ ಶಾಸನಗಳ ‘ಮಾಡಿಸಿದಂ’ ನೆನಪಾಗುತ್ತದೆ, ಅಲ್ವಾ?

ಕ್ರಿಯಾಪದ ನೋಡಿ: ಮು-ನ-ದು. ‘ದು’ ಅಂದರೆ ಕಟ್ಟು, ‘ನ’ ಅಂದರೆ ‘ಅವನಿಗೆ’. ‘ಮು’ ಕ್ರಿಯಾಪದದ ಒಂದು ಪೂರ್ವಪ್ರತ್ಯಯ. ‘ಅವನು’ ಎಂಬುದನ್ನು ಸೂಚಿಸುವ ಇನ್ನೊಂದು ತುಣುಕೂ ಇದೆ, ಆದರೆ ಲಿಪಿಕಾರ ಅದನ್ನು ಬರೆದಿಲ್ಲ. ಆ ಕಾಲದ ಬರಹದಲ್ಲಿ ಹೀಗೆ ಬಿಡುವುದು ಸಾಮಾನ್ಯ. ಓದುವವರು ತಾವೇ ತುಂಬಿಕೊಳ್ಳಬೇಕು.

ಹೀಗೆ ತುಣುಕು ಅಂಟಿಸಿ ಪದ ಕಟ್ಟುವ ಗುಣವೇ ಒಂದು ದೊಡ್ಡ ಜಗಳದಲ್ಲಿ ಸಾಕ್ಷಿಯಾಯಿತು. 1869ರಲ್ಲಿ ಜೂಲ್ ಓಪೆರ್ ಈ ಭಾಷೆಗೆ ‘ಸುಮೇರಿಯನ್’ ಅಂತ ಹೆಸರಿಟ್ಟ. 1874ರಿಂದ ಜೋಸೆಫ್ ಹಲೆವಿ, ಇದು ಭಾಷೆಯೇ ಅಲ್ಲ, ಬ್ಯಾಬಿಲೋನಿನ ಪುರೋಹಿತರ ಗುಪ್ತ ಬರಹ ಅಂತ ವಾದಿಸಿದ. ಆದರೆ ಅಕ್ಕಾಡಿಯನ್ ಧಾತುವಿನ ಒಳಗಿನ ಸ್ವರವನ್ನೇ ಬದಲಿಸುತ್ತದೆ. ಸುಮೇರಿಯನ್ ಧಾತುವನ್ನು ಹಾಗೇ ಬಿಟ್ಟು ಹಿಂದೆಮುಂದೆ ತುಣುಕು ಜೋಡಿಸುತ್ತದೆ. ಗುಪ್ತಲಿಪಿಗೆ ಇಂಥ ಸ್ವಂತ ವ್ಯಾಕರಣ ಎಲ್ಲಿಂದ ಬಂತು? 1905ರಲ್ಲಿ ತ್ಯುರೋ-ದಾಂಜಾಂ ರಾಜಶಾಸನಗಳ ಅನುವಾದ ಪ್ರಕಟಿಸಿದ ಮೇಲೆ ಹಲೆವಿಯ ಪಕ್ಷ ಸೊರಗಿತು.

ಕನ್ನಡವೂ ಪ್ರತ್ಯಯ ಅಂಟಿಸುವ ಭಾಷೆ. ಹಾಗಾಗಿ ‘ಸುಮೇರಿಯನ್ ದ್ರಾವಿಡವೇ, ಉರ್ ಅಂದರೆ ನಮ್ಮ ಊರೇ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದಕ್ಕೆ ಉತ್ತರ ಇದೇ ಇಟ್ಟಿಗೆಯಲ್ಲಿದೆ. ಅರಸನ ಬಿರುದು ‘ಲುಗಲ್ ಉರಿ-ಮ-ಕೆ’. ಬಿಡಿಸಿದರೆ: ಲುಗಲ್ (ಅರಸ), ಉರಿಮ್, ಷಷ್ಠಿಯ ‘ಅಕ್’, ಕರ್ತೃವಿನ ‘ಎ’. ಪಟ್ಟಣದ ಹೆಸರು ‘ಉರಿಮ್’. ಆ ಮಕಾರ ಕೈಬಿಟ್ಟರಷ್ಟೇ ‘ಊರು’ ಕಾಣುತ್ತದೆ. ಪದಕ್ರಮವೂ ಬೇರೆ. ನಾವು ‘ಅರಸನ ಮಗನ ಮನೆಯಲ್ಲಿ’ ಅನ್ನುತ್ತೇವೆ. ಸುಮೇರಿಯನ್ನರು ‘ಮನೆ ಮಗ ಅರಸ-ನ-ನ-ಅಲ್ಲಿ’ ಎಂಬಂತೆ ಎಲ್ಲ ಪ್ರತ್ಯಯಗಳನ್ನೂ ಕೊನೆಗೆ ಪೇರಿಸುತ್ತಾರೆ. ಅವರ ಕ್ರಿಯಾಪದಕ್ಕೆ ಸಾಲು ಸಾಲು ಪೂರ್ವಪ್ರತ್ಯಯಗಳುಂಟು, ನಮ್ಮದಕ್ಕಿಲ್ಲ.

ಅಂಟಿಸುವ ಗುಣ ತುರ್ಕಿಗೂ ಇದೆ, ಜಪಾನಿಗೂ ಇದೆ. ಅದು ಪದ ಕಟ್ಟುವ ರೀತಿ, ಮನೆತನದ ಗುರುತಲ್ಲ. ನಂಟು ಹೇಳುವ ಮೊದಲು ಪದ ಬಿಡಿಸಿ ನೋಡೋಣ.