ಆ ಹಾಲಿನಂಥ ಇಂಜೆಕ್ಷನ್‌ಗೆ ಎಷ್ಟು ವರ್ಷದ ಕಥೆ?

ಕವಲೇದುರ್ಗದ ಅರಮನೆಯ ಕಲ್ಲಿನ ಒಲೆ ನೋಡಿ ಇಳಿಯುವಾಗ ನಮ್ಮ ತಂಡದವರೊಬ್ಬರ ಅಜ್ಜಿಯ ಮಾತು ಬಂತು. ಮುಂದಿನ ವಾರ ಅವರಿಗೆ ಪಿತ್ತಕೋಶದ ಆಪರೇಷನ್. ಕೊಯ್ಯುವುದಕ್ಕೆ ಹೆದರಿಕೆಯಿಲ್ಲ. "ಮತ್ತು ಬರಿಸಿದ್ಮೇಲೆ ಎಚ್ಚರ ಆಗ್ದೇ ಹೋದ್ರೆ?" ಅನ್ನುವುದೇ ಚಿಂತೆ. ಉತ್ತರ ಹುಡುಕುತ್ತಾ ಹೋದರೆ ನಾವು ಶಿವಪ್ಪ ನಾಯಕನ ಕಾಲಕ್ಕೇ ಹೋಗಿ ನಿಂತೆವು.

1656. ಇಲ್ಲಿ ಕೆಳದಿ ಸಂಸ್ಥಾನವನ್ನು ಶಿಸ್ತಿನ ಶಿವಪ್ಪ ನಾಯಕ ಆಳುತ್ತಿದ್ದ. ಅತ್ತ ಆಕ್ಸ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ರೆನ್ ಎಂಬಾತ ಹಕ್ಕಿಗರಿಯ ಕೊಳವೆಯಿಂದ ನಾಯಿಯ ರಕ್ತನಾಳಕ್ಕೆ ಅಫೀಮು ಬಿಟ್ಟ. ನಾಯಿ ಮಂಕಾಯಿತು, ಸಾಯಲಿಲ್ಲ. ಆಮೇಲೆ ಅದು ಎಷ್ಟು ಹೆಸರಾಯಿತೆಂದರೆ ಯಾರೋ ಕದ್ದೇಬಿಟ್ಟರು!

ಆದರೂ ಮನುಷ್ಯರಿಗೆ ಉಪಯೋಗ ಆಗಲಿಲ್ಲ. 1763ರಲ್ಲಿ ಹೈದರಾಲಿ ಬಿದನೂರು ಗೆದ್ದಾಗ ಜಗತ್ತಿನ ಯಾವ ಗಾಯಾಳುವಿಗೂ ಇಂದಿನಂಥ ಅರಿವಳಿಕೆ ಇರಲಿಲ್ಲ. 1846ರಲ್ಲಿ ಈಥರ್ ಬಂತು, ಅದೂ ಉಸಿರಿನ ಮೂಲಕ.

ನರಕ್ಕೆ ಕೊಟ್ಟು ಅರ್ಧ ನಿಮಿಷದಲ್ಲಿ ನಿದ್ದೆ ಬರಿಸುವ ಥಿಯೋಪೆಂಟೋನ್ 1934ರಲ್ಲಿ ಅಮೆರಿಕದಲ್ಲಿ ಬಂತು. 1941ರಲ್ಲಿ ಪರ್ಲ್ ಹಾರ್ಬರ್ ದಾಳಿಯಲ್ಲಿ ಶತ್ರುಗಳಿಗಿಂತ ಈ ಮದ್ದೇ ಹೆಚ್ಚು ಜನರನ್ನು ಕೊಂದಿತು ಎಂಬ ಕಥೆ ಬಹಳ ಕಾಲ ಓಡಾಡಿತು. ದಾಖಲೆ ತೆಗೆದು ನೋಡಿದವರು ಅದು ಉತ್ಪ್ರೇಕ್ಷೆ ಎಂದರು. ರಕ್ತ ಹೋಗಿ ಸೊರಗಿದವರಿಗೆ ಪೂರ್ತಿ ಡೋಸ್ ಅಪಾಯ ಎಂಬುದು ಮಾತ್ರ ನಿಜ. 1960ರ ದಶಕದಲ್ಲಿ ಕೆಟಮಿನ್ ಬಂತು. ಅದು ಉಸಿರಾಟವನ್ನು ಅಷ್ಟಾಗಿ ತಗ್ಗಿಸದ ಕಾರಣ ಸಣ್ಣ ಆಸ್ಪತ್ರೆಗಳಿಗೆ ದೊಡ್ಡ ಆಸರೆಯಾಯಿತು.

ಈಗಿನ ಬಿಳಿ ಮದ್ದು ಪ್ರೊಪೊಫೋಲ್. ಬ್ರಿಟನ್ನಿನ ಜಾನ್ ಗ್ಲೆನ್ ಕಂಡುಹಿಡಿದದ್ದು. ಮೊದಲ ರೂಪದಲ್ಲಿ ಅಲರ್ಜಿ ಕಾಣಿಸಿತು. ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್ ಬೆರೆಸಿದ ಮೇಲೆ 1986ರಲ್ಲಿ ಮಾರುಕಟ್ಟೆಗೆ ಬಂತು. ಮಿದುಳಿಗೆ ಹೋದ ಮದ್ದು ಬೇಗ ಸ್ನಾಯು, ಕೊಬ್ಬಿಗೆ ಹಂಚಿಹೋಗುತ್ತದೆ. ಹಾಗಾಗಿ ಒಂದು ಡೋಸ್ ಕೆಲವೇ ನಿಮಿಷ. ಮುಂದುವರಿಸಲು ಪಂಪ್ ಬೇಕು, ಇಲ್ಲವೇ ಅರಿವಳಿಕೆ ಗಾಳಿ. ಅಜ್ಜಿಗೆ ಹೇಳಿದೆವು: ಕೊಡುವುದನ್ನು ನಿಲ್ಲಿಸಿದರೆ ಎಚ್ಚರ ಆಗುವಂತೆಯೇ ಮಾಡಿದ ಮದ್ದು ಇದು. ಅಪಾಯ ಪೂರ್ತಿ ಇಲ್ಲವೆಂದಲ್ಲ, ಅದಕ್ಕೇ ಪಕ್ಕದಲ್ಲಿ ಅರಿವಳಿಕೆ ವೈದ್ಯರು ಕೊನೆಯವರೆಗೂ ಉಸಿರು, ಬಿಪಿ ನೋಡುತ್ತಾ ಕೂರುತ್ತಾರೆ.

ಮೊಟ್ಟೆಯ ವಿಷಯ ಮುಚ್ಚಿಡಲಿಲ್ಲ. ಅಜ್ಜಿ ಶುದ್ಧ ಸಸ್ಯಾಹಾರಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದ್ದಿಗೆ ಮಡಿ ಎಂಥದ್ದು" ಅಂದರು. ಕಷ್ಟವಾದದ್ದು ಇನ್ನೊಂದು: ಆಪರೇಷನ್ ದಿನ ಬೆಳಗ್ಗೆ ಕಾಫಿ ಇಲ್ಲ, ತಿಂಡಿ ಇಲ್ಲ. ಮತ್ತಿನಲ್ಲಿ ಹೊಟ್ಟೆಯದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು ಎಂದು ವಿವರಿಸಿದೆವು. ತಲೆಯಾಡಿಸಿ ಕೇಳಿದರು, "ಎಲೆಅಡಿಕೆ ಹಾಕ್ಕೊಬಹುದಲ್ಲ?"

ಅದೂ ಇಲ್ಲ ಅಜ್ಜಿ.