ಒಂಟಿ ಕೋಶದಿಂದ ಶುದ್ಧ ಯೀಸ್ಟ್

ಮನೆಯಲ್ಲೇ ಬಿಯರ್ ತಯಾರಿಸಹೊರಟ ಹೊಸಬನಿಗೆ ಯೂರೋಪಿನಲ್ಲಿ ಹೇಳುವ ಮೊದಲ ಪಾಠ: ಪಾತ್ರೆ ಶುಚಿಯಾಗಿರಲಿ, ಯೀಸ್ಟ್ ಶುದ್ಧವಾಗಿರಲಿ. ಇದರ ಹಿನ್ನೆಲೆ ನಿಮಗೆ ಗೊತ್ತೇ?

1516ರ ಬವೇರಿಯಾದ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟನ್ನೇ ಹೆಸರಿಸಿತ್ತು. ಯೀಸ್ಟಿನ ಪ್ರಸ್ತಾಪವೇ ಇರಲಿಲ್ಲ. ಬಿಯರ್ ಕೆಡಲು ಸೂಕ್ಷ್ಮಜೀವಿಗಳು ಕಾರಣವೆಂದು ಲೂಯಿ ಪಾಶ್ಚರ್ 1876ರ ತನ್ನ ಗ್ರಂಥದಲ್ಲಿ ವಿವರಿಸಿದ. ಆತನ ಗಮನವೆಲ್ಲ ಬ್ಯಾಕ್ಟೀರಿಯಗಳ ಮೇಲಿತ್ತು. ಆದರೆ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯ ಬಿಯರ್ ರುಚಿಗೆಟ್ಟಾಗ, ಅಲ್ಲಿನ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್‌ಗೆ ಸಿಕ್ಕ ಅಪರಾಧಿ ಬೇರೆಯೇ: ಒಳ್ಳೆಯ ಯೀಸ್ಟಿನೊಡನೆ ಬೆರೆತಿದ್ದ ಕಾಡು ಯೀಸ್ಟ್! ಆತ ದ್ರವವನ್ನು ಮತ್ತೆ ಮತ್ತೆ ತೆಳುಗೊಳಿಸಿ, ಒಂದೇ ಕೋಶವನ್ನು ಬೇರ್ಪಡಿಸಿ, ಅದರಿಂದಲೇ ಸಂತತಿ ಬೆಳೆಸಿದ. 1883ರಲ್ಲಿ ಅದು ಬಳಕೆಗೆ ಬಂತು. ಮಾಲೀಕ ಜೆ.ಸಿ. ಯಾಕೋಬ್ಸನ್ ಗುಟ್ಟು ಮಾಡದೆ ಇತರ ತಯಾರಕರಿಗೂ ಹಂಚಿದ.

ಶುದ್ಧ ಯೀಸ್ಟಿನ ಪೊಟ್ಟಣ ಹುಟ್ಟಿದ್ದು ಹೀಗೆ, ಒಂಟಿ ಕೋಶದಿಂದ.