ಬೀದರ್ ಸೀಮೆಯಲ್ಲಿ ಉಚಿತ ಡಿಜಿಟಲ್ ಟಿವಿ: ಸಿಗ್ನಲ್ ತೊಂದರೆ, ಪರಿಹಾರ

ತಿಂಗಳ ಬಾಡಿಗೆಯಿಲ್ಲದೆ ಗಾಳಿಯ ಮೂಲಕ ಬರುವ ಡಿಜಿಟಲ್ ಟಿವಿ ಬೀದರ್ ಜಿಲ್ಲೆಯಲ್ಲಿ ಎಂದರೆ ಬಹುಪಾಲು ದೂರದರ್ಶನದ ಡಿಡಿ ಫ್ರೀ ಡಿಶ್. ಕೊಳಾರ ಕೈಗಾರಿಕಾ ಪ್ರದೇಶದ ಪತ್ರಾಸಿನ ಶೆಡ್ಡುಗಳಿಂದ ಭಾಲ್ಕಿ, ಔರಾದ ತಾಲ್ಲೂಕುಗಳ ಮಾಳಿಗೆಗಳವರೆಗೆ ಜನ ಇದನ್ನು ‘ಛತ್ರಿ’ ಎಂದೇ ಕರೆಯುತ್ತಾರೆ. ನೆಲದ ಗೋಪುರದಿಂದ ಹೊರಡುವ ಡಿಜಿಟಲ್ ಪ್ರಸಾರವನ್ನು ದೂರದರ್ಶನ 2016ರ ಫೆಬ್ರುವರಿ 25ರಂದು ದೇಶದ 16 ನಗರಗಳಲ್ಲಿ ಆರಂಭಿಸಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದುದು ಬೆಂಗಳೂರು ಮಾತ್ರ. ಹಳೆಯ ಅನಲಾಗ್ ಮರುಪ್ರಸಾರ ಕೇಂದ್ರಗಳನ್ನು 2022ರ ಮಾರ್ಚ್ ವೇಳೆಗೆ, ಕೆಲವು ಆಯಕಟ್ಟಿನ ಸ್ಥಳಗಳನ್ನು ಬಿಟ್ಟು, ದೇಶದಾದ್ಯಂತ ನಿಲ್ಲಿಸಲಾಯಿತು. ಆಮೇಲೆ ಮಾಳಿಗೆಯ ಮೇಲಿನ ಕಡ್ಡಿ ಆಂಟೆನಾಗೆ ಕೆಲಸ ಉಳಿಯಲಿಲ್ಲ.

ಉಪಗ್ರಹದ ಟಿವಿ ಈ ಭಾಗಕ್ಕೆ ಹೊಸದಲ್ಲ. ಹಳ್ಳಿಗಳಿಗೆ ಉಪಗ್ರಹದ ಮೂಲಕ ಬೋಧನಾ ಟಿವಿ ತೋರಿಸಲು 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ನೆರೆಯ ಕಲಬುರಗಿ ಜಿಲ್ಲೆಯ ಹಳ್ಳಿಗಳು ತಂತಿಬಲೆಯ ದೊಡ್ಡ ಡಿಶ್‌ಗಳಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಕಾರ್ಯಕ್ರಮ ನೋಡಿದವು. ಕಲಬುರಗಿಯ ದೂರದರ್ಶನ ಕೇಂದ್ರ 1977ರಲ್ಲಿ ಆರಂಭವಾಯಿತು, ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲು.

ಫ್ರೀ ಡಿಶ್ 2004ರ ಡಿಸೆಂಬರ್‌ನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಹೆಸರಿನಲ್ಲಿ ಶುರುವಾಯಿತು. ಈಗ ಅದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಬೀದರ್ ಇರುವುದು ಸುಮಾರು 77.5 ಡಿಗ್ರಿಯಲ್ಲಿ. ಆದ್ದರಿಂದ ಛತ್ರಿಯ ಮುಖ ಆಗ್ನೇಯಕ್ಕಿರಬೇಕು: ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದರೆ ಸುಮಾರು 137 ಡಿಗ್ರಿ, ನೆಲದಿಂದ ಮೇಲಕ್ಕೆ ಸುಮಾರು 62 ಡಿಗ್ರಿ. ಭಾಲ್ಕಿ, ಔರಾದಗಳಿಗೂ ಲೆಕ್ಕ ಹೆಚ್ಚುಕಡಿಮೆ ಇದೇ. ಮನೆಗಳಲ್ಲಿರುವ ಸಣ್ಣ ಛತ್ರಿ ಸಿಗ್ನಲನ್ನು ಓರೆಯಾಗಿ ಹಿಡಿಯುವುದರಿಂದ ನೋಡಲು ಅಷ್ಟು ಮೇಲೆತ್ತಿದಂತೆ ಕಾಣುವುದಿಲ್ಲ. ಒಂದು ಡಿಗ್ರಿ ತಪ್ಪಿದರೂ ಉಪಗ್ರಹದ ಎತ್ತರದಲ್ಲಿ ಅದು 600 ಕಿ.ಮೀ.ಗೂ ಹೆಚ್ಚಿನ ಅಂತರ.

ಚಿತ್ರ ಹೋದ ಕೂಡಲೇ ಮಾಳಿಗೆ ಹತ್ತಿ ಛತ್ರಿ ತಿರುಗಿಸುವುದೇ ಅತಿ ದೊಡ್ಡ ತಪ್ಪು. ಸರಿಯಾಗಿದ್ದ ದಿಕ್ಕು ಅದರಿಂದ ಕೆಟ್ಟು, ಹತ್ತು ನಿಮಿಷದಲ್ಲಿ ತಾನೇ ಸರಿಹೋಗಬಹುದಾಗಿದ್ದ ತೊಂದರೆ ಮೆಕ್ಯಾನಿಕ್‌ನ ಖರ್ಚಿಗೆ ದಾರಿಯಾಗುತ್ತದೆ. ಮೊದಲು ನೆರೆಮನೆಯ ಟಿವಿ ನೋಡಬೇಕು. ಅಲ್ಲಿಯೂ ಇಲ್ಲವೆಂದರೆ ದೋಷ ಮಳೆಯದ್ದೋ ಪ್ರಸಾರದ್ದೋ ಆಗಿರುತ್ತದೆ. ಉದಾಹರಣೆಗೆ, 2010ರ ಜುಲೈನಲ್ಲಿ ಇನ್ಸಾಟ್-4ಬಿ ಉಪಗ್ರಹದ ಸೌರಫಲಕದ ವಿದ್ಯುತ್ ವ್ಯವಸ್ಥೆ ಕೆಟ್ಟು ಸಿಗ್ನಲ್ ಮರಳಿ ಕಳಿಸುವ ಅದರ 24 ಟ್ರಾನ್ಸ್‌ಪಾಂಡರ್‌ಗಳಲ್ಲಿ 12ನ್ನು ನಿಲ್ಲಿಸಬೇಕಾಯಿತು. ಖಾಸಗಿ ಡಿಶ್ ಸೇವೆಯಾದ ಸನ್ ಡೈರೆಕ್ಟ್‌ನ ಗ್ರಾಹಕರಿಗೆ ಚಾನೆಲ್‌ಗಳು ಹೋದವು. ಇಂಥ ದೋಷಕ್ಕೆ ಮನೆಯ ಮಾಳಿಗೆಯ ಮೇಲೆ ಮದ್ದಿಲ್ಲ.

ನೆರೆಮನೆಯಲ್ಲಿ ಬರುತ್ತಿದ್ದು ನಮ್ಮಲ್ಲಿ ಬಾರದಿದ್ದರೆ ಟಿವಿಯ ಸೆಟ್‌ಟಾಪ್ ಬಾಕ್ಸ್‌ನ ಮೆನುವಿನಲ್ಲಿ ಎರಡು ಪಟ್ಟಿಗಳನ್ನು ನೋಡಬೇಕು: ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆಯಾದರೆ ದಿಕ್ಕು ಕದಲಿರಬಹುದು: ಗಾಳಿಗೆ ನಟ್ಟು ಸಡಿಲಗೊಂಡಿರಬಹುದು, ಮಂಗ ಜಿಗಿದಿರಬಹುದು. ಆಗ್ನೇಯಕ್ಕಿರುವ ಬೇವಿನ ಮರ ಬೆಳೆದು ಅಡ್ಡ ಬಂದಿರಲೂಬಹುದು. ಎರಡೂ ಸೊನ್ನೆಯಾದರೆ ಕೇಬಲ್ ಅಥವಾ ಛತ್ರಿಯ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಕೆಟ್ಟಿರುವ ಸಂಭವ ಹೆಚ್ಚು. ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟ್ ವಿದ್ಯುತ್ ಬಾಕ್ಸ್‌ನಿಂದ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ. ಹಾಗಾಗಿ ಪಿನ್ ಬಿಚ್ಚುವ ಮುನ್ನ ಬಾಕ್ಸ್ ಆರಿಸಲೇಬೇಕು. ಬಿಚ್ಚಿದಾಗ ಒಳಗಿನ ತಾಮ್ರ ಹಸಿರು ಬಣ್ಣಕ್ಕೆ ತಿರುಗಿದ್ದರೆ ಮಳೆನೀರು ಇಳಿದಿದೆ ಎಂದರ್ಥ. ಅಷ್ಟು ಕತ್ತರಿಸಿ ಹೊಸ ಪಿನ್ ಹಾಕಿ, ಟೇಪು ಸುತ್ತಬೇಕು. ಎಲ್‌ಎನ್‌ಬಿಗೆ ಹತ್ತಿರ ಕೇಬಲ್ಲನ್ನು ಕೆಳಕ್ಕೆ ಬಾಗಿಸಿ ಕಟ್ಟಿದರೆ ನೀರು ಪಿನ್ನಿನತ್ತ ಹರಿಯುವುದಿಲ್ಲ.

ಜೋರು ಮಳೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುವುದು ಫ್ರೀ ಡಿಶ್ ಬರುವ ತರಂಗಶ್ರೇಣಿಯಾದ ಕೆಯು ಬ್ಯಾಂಡ್‌ನ ಸ್ವಭಾವ: ಅದರ ಕಿರು ಅಲೆಗಳನ್ನು ಮಳೆಹನಿಗಳು ಹೀರಿ ಚದುರಿಸುತ್ತವೆ. ವರ್ಷದಲ್ಲಿ ಎರಡು ಬಾರಿ ಸೂರ್ಯನೂ ಅಡ್ಡಬರುತ್ತಾನೆ. ಮಾರ್ಚ್ ಎರಡನೆಯ ವಾರ ಮತ್ತು ಅಕ್ಟೋಬರ್ ಆರಂಭದ ಆಸುಪಾಸಿನಲ್ಲಿ, ಬೆಳಗಿನ ಸುಮಾರು 11 ಗಂಟೆಗೆ ಸೂರ್ಯ ಉಪಗ್ರಹದ ಹಿಂದೆ ಸರಿಯಾಗಿ ಬಂದು ಕೆಲವು ನಿಮಿಷ ಸಿಗ್ನಲ್ ಕುಗ್ಗಬಹುದು.

ಇನ್ನು ಒಂದೆರಡು ಚಾನೆಲ್ ಮಾತ್ರ ಮಾಯವಾದರೆ ಅದು ದುರಸ್ತಿಯ ಸಂಗತಿಯಲ್ಲ. ಖಾಸಗಿ ಚಾನೆಲ್‌ಗಳ ಜಾಗವನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿ ಇ-ಹರಾಜಿನಲ್ಲಿ ಕೊಡುತ್ತದೆ. ಸಾಮಾನ್ಯವಾಗಿ ಏಪ್ರಿಲ್ 1ಕ್ಕೆ ಪಟ್ಟಿ ಬದಲಾಗುತ್ತದೆ. 2022ರಲ್ಲಿ ಸ್ಟಾರ್ ಉತ್ಸವ್, ಝೀ ಅನ್ಮೋಲ್‌ನಂಥ ಜನಪ್ರಿಯ ಹಿಂದಿ ಚಾನೆಲ್‌ಗಳು ಹೊರಬಂದದ್ದು ಹೀಗೆಯೇ. ಬಾಕ್ಸ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಿದರೆ ಆಗಿನ ಪಟ್ಟಿ ಸಿಗುತ್ತದೆ. ಕನ್ನಡದ ಚಂದನದ ಜೊತೆಗೆ ಮರಾಠಿಯ ಸಹ್ಯಾದ್ರಿ, ತೆಲುಗಿನ ಯಾದಗಿರಿ, ಡಿಡಿ ಉರ್ದು ಒಂದೇ ಛತ್ರಿಯಲ್ಲಿ ಬರುವುದು ಈ ಗಡಿಸೀಮೆಗೆ ನಿಜಕ್ಕೂ ದೊಡ್ಡ ಅನುಕೂಲ.

ಗುಡುಗು ಶುರುವಾಗುವ ಮುನ್ನವೇ ಪ್ಲಗ್ ಮತ್ತು ಕೇಬಲ್ ಎರಡನ್ನೂ ತೆಗೆದಿಡಿ, ಗುಡುಗು ಕೇಳಿಸತೊಡಗಿದ ಮೇಲೆ ಅವನ್ನು ಮುಟ್ಟಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮಾಳಿಗೆ ಹತ್ತಬೇಡಿ.